ವೈದ್ಯರೂ ಗುರುಗಳೂ ಆಗಿದ್ದ ಅಲೆಕ್ಸಾಂಡರ್ ಲೂರಿಯಾ

ನಮ್ಮ ಪೂರ್ವಿಕರು ಶಿರಸ್ಸನ್ನು ಉತ್ತಮಾಂಗವೆಂದು ಕರೆದರು. ಕಣ್ಣು, ಕಿವಿ, ಮೂಗು, ನಾಲಗೆಗಳಿಗೆ ಅದೇ ನೆಲೆ. ಅವೆಲ್ಲವನ್ನೂ ನಡೆಸುವ ಮಿದುಳಿಗೂ ಅದೇ ಮನೆ. ಕೈಕಾಲು ಮುರಿದರೆ ಮೂಳೆ ಕೂಡಿಕೊಂಡೀತು, ಚರ್ಮ ಹರಿದರೆ ಗಾಯ ಮಾದೀತು. ಆದರೆ ತಲೆಗೆ ಬಲವಾದ ಪೆಟ್ಟು ಬಿದ್ದು ಮಿದುಳು ಘಾಸಿಗೊಂಡಾಗ ಕೆಡುವುದು ಒಂದು ಅಂಗ ಮಾತ್ರವಲ್ಲ. ಮಾತು, ನೆನಪು, ಓದು, ಬರಹ, ವಿವೇಕ, ಕಡೆಗೆ ಸ್ವಭಾವವೂ ಕದಲಿಹೋಗುತ್ತದೆ. ಆಸ್ಪತ್ರೆಯಿಂದ ಮನೆಗೆ ಮರಳಿದವನು ಅದೇ ಮುಖದವನಾದರೂ ಅದೇ ಮನುಷ್ಯನಲ್ಲವೆಂದು ಮನೆಯವರು ಕೊರಗುವುದುಂಟು.

ಚಿಕ್ಕಬಾಣಾವರದ ಜನಕ್ಕೆ ಇದು ದೂರದ ಸಂಗತಿಯಲ್ಲ. ಒಂದು ಕಾಲಕ್ಕೆ ಕೆರೆ, ತೋಟ, ರೈಲು ನಿಲ್ದಾಣಗಳ ಹಳ್ಳಿಯಾಗಿದ್ದ ಈ ಊರು ಇಂದು ಬೆಂಗಳೂರು ಮಹಾನಗರದೊಡನೆ ಬೆಸೆದುಕೊಂಡಿದೆ. ಹೆಸರಘಟ್ಟದ ರಸ್ತೆಯಲ್ಲಿಯೂ ತುಮಕೂರು ಹೆದ್ದಾರಿಯಲ್ಲಿಯೂ ಹಗಲಿರುಳೂ ವಾಹನಗಳು ಧಾವಿಸುತ್ತವೆ. ದ್ವಿಚಕ್ರವಾಹನದಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡವರನ್ನು ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಗೆ ಒಯ್ಯುವುದು ಎಲ್ಲರೂ ಬಲ್ಲ ಮಾತು. ಶಸ್ತ್ರವೈದ್ಯರು ಪ್ರಾಣವನ್ನು ಉಳಿಸಿಕೊಟ್ಟ ಮೇಲೆ ಕಳೆದುಹೋದ ಮಾತನ್ನೂ ನೆನಪನ್ನೂ ಮರಳಿ ಗಳಿಸಿಕೊಡುವ ಕೆಲಸ ಉಳಿಯುತ್ತದೆ. ಅದು ಯಾರದು? ಈ ಪ್ರಶ್ನೆಗೆ ತಮ್ಮ ಜೀವನದಿಂದಲೇ ಉತ್ತರವಿತ್ತವರು ರಷ್ಯಾ ದೇಶದ ಅಲೆಕ್ಸಾಂಡರ್ ರೊಮನೋವಿಚ್ ಲೂರಿಯಾ. ನರಮನಶ್ಶಾಸ್ತ್ರವೆಂಬ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಅವರು ಅಗ್ರಗಣ್ಯರು. ಬೋಧನವೃತ್ತಿಯಲ್ಲಿರುವವರು ಅವರ ಚರಿತ್ರೆಯನ್ನು ವಿಶೇಷವಾಗಿ ತಿಳಿದಿರಬೇಕು; ಏಕೆಂದರೆ ಗಾಯಗೊಂಡ ಮಿದುಳಿಗೆ ಪಾಠವೂ ಒಂದು ಚಿಕಿತ್ಸೆಯೆಂಬುದನ್ನು ಅವರು ಸಿದ್ಧಮಾಡಿ ತೋರಿಸಿದರು.

ಜನನ ಮತ್ತು ವಿದ್ಯಾಭ್ಯಾಸ

ಲೂರಿಯಾ ಅವರು 1902ನೆಯ ಇಸವಿ ಜುಲೈ 16ರಂದು ವೋಲ್ಗಾ ನದಿಯ ತೀರದ ಕಜಾನ್ ನಗರದಲ್ಲಿ ಜನಿಸಿದರು. ಅವರದು ವಿದ್ಯಾವಂತ ಯಹೂದಿ ಕುಟುಂಬ. ತಂದೆ ರೊಮಾನ್ ಲೂರಿಯಾ ಹೆಸರಾಂತ ವೈದ್ಯರು, ತಾಯಿ ದಂತವೈದ್ಯೆ. ರೋಗವನ್ನು ಮಾತ್ರ ನೋಡಿದರೆ ಸಾಲದು, ರೋಗಿಯು ತನ್ನ ರೋಗವನ್ನು ಹೇಗೆ ಕಾಣುತ್ತಾನೆಂಬುದನ್ನೂ ವೈದ್ಯನಾದವನು ಅರಿಯಬೇಕೆಂಬುದು ತಂದೆಯ ಮತ. ಆ ವಿಷಯವನ್ನು ಕುರಿತು ಅವರು ಗ್ರಂಥವನ್ನೂ ರಚಿಸಿದ್ದರು. ಮಗನ ಮುಂದಿನ ಬಾಳಿನಲ್ಲಿ ಈ ಮತವೇ ಹೆಮ್ಮರವಾಗಿ ಬೆಳೆಯಿತೆನ್ನಬಹುದು.

1917ರ ಕ್ರಾಂತಿ ನಡೆದಾಗ ಲೂರಿಯಾ ಅವರಿಗೆ ಹದಿನೈದು ವರ್ಷ. ಶಾಲೆಯ ವ್ಯಾಸಂಗಕ್ರಮವನ್ನು ಮೊಟಕುಗೊಳಿಸಿ ಮುಗಿಸಿ, 1918ರಲ್ಲಿ ಕಜಾನ್ ವಿಶ್ವವಿದ್ಯಾಲಯವನ್ನು ಸೇರಿದರು. ಪುಸ್ತಕಗಳಿಗೂ ಕಾಗದಕ್ಕೂ ಕೊರತೆಯಿದ್ದ ಕಾಲವದು. 1921ರಲ್ಲಿ ಪದವಿ ಪಡೆದರು. ಇಪ್ಪತ್ತರ ತರುಣನಾಗಿದ್ದಾಗಲೇ ಕಜಾನಿನಲ್ಲಿ ಮನೋವಿಶ್ಲೇಷಣೆಯ ಸಂಘವೊಂದನ್ನು ಸ್ಥಾಪಿಸಿ, ವಿಯೆನ್ನಾ ನಗರದ ಸಿಗ್ಮಂಡ್ ಫ್ರಾಯ್ಡ್ ಅವರೊಡನೆ ಪತ್ರವ್ಯವಹಾರ ನಡೆಸಿದರು. 1923ರಲ್ಲಿ ಮಾಸ್ಕೋದ ಮನಶ್ಶಾಸ್ತ್ರ ಸಂಸ್ಥೆಯಿಂದ ಕರೆ ಬಂದುದರಿಂದ ಅಲ್ಲಿಗೆ ತೆರಳಿದರು.

ವಿಗೋಟ್‌ಸ್ಕಿ ಅವರ ಸಖ್ಯ

1924ರ ಜನವರಿಯಲ್ಲಿ ಪೆಟ್ರೊಗ್ರಾಡ್ ನಗರದಲ್ಲಿ ಒಂದು ವಿದ್ವತ್ಸಮ್ಮೇಳನ ನಡೆಯಿತು. ಗೊಮೆಲ್ ಎಂಬ ಊರಿನಲ್ಲಿ ಉಪಾಧ್ಯಾಯರಾಗಿದ್ದ ಲೆವ್ ವಿಗೋಟ್‌ಸ್ಕಿ ಎಂಬ ತರುಣರು ಅಲ್ಲಿ ಉಪನ್ಯಾಸವಿತ್ತರು. ಅವರ ವಿಚಾರದ ಸ್ಪಷ್ಟತೆಗೆ ಲೂರಿಯಾ ಮಾರುಹೋದರು. ಅವರನ್ನು ಮಾಸ್ಕೋಗೆ ಬರಮಾಡಿಕೊಳ್ಳುವುದರಲ್ಲಿ ಲೂರಿಯಾ ಅವರ ಪ್ರಯತ್ನವೂ ಇತ್ತು. ಅಲೆಕ್ಸೀ ಲಿಯೊಂಟಿಯೆವ್ ಅವರೂ ಸೇರಿ ಮೂವರ ಒಡನಾಟ ಬೆಳೆಯಿತು.

ವಿಗೋಟ್‌ಸ್ಕಿ ಅವರ ಮುಖ್ಯ ವಿಚಾರವನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ: ಮನುಷ್ಯನ ಉನ್ನತ ಮನೋಶಕ್ತಿಗಳು ಹುಟ್ಟಿನಿಂದ ಸಿದ್ಧವಾಗಿ ಬರುವುದಿಲ್ಲ. ತಾಯಿಯಿಂದ, ಗುರುವಿನಿಂದ, ನೆರೆಹೊರೆಯಿಂದ ಭಾಷೆಯ ಮೂಲಕ ಅವು ಮಗುವಿಗೆ ದೊರೆಯುತ್ತವೆ. ಮೊದಲು ಹೊರಗಿನ ಸಹಾಯದಿಂದ ಮಾಡಿದುದನ್ನು ಮಗು ಕ್ರಮೇಣ ಒಳಗಿನ ಬಲದಿಂದ ಮಾಡುತ್ತದೆ. ಬೆರಳೆಣಿಸಿ ಲೆಕ್ಕ ಮಾಡುವ ಮಗು ಮುಂದೆ ಬಾಯಿಲೆಕ್ಕ ಮಾಡುವಂತೆ. ಹಾಗಿದ್ದ ಪಕ್ಷದಲ್ಲಿ ಪೆಟ್ಟಿನಿಂದ ಕೆಟ್ಟ ಶಕ್ತಿಯನ್ನೂ ಹೊರಗಿನ ಸಹಾಯದಿಂದ ಮತ್ತೆ ಕಟ್ಟಬಹುದಲ್ಲವೆ? ಈ ಪ್ರಶ್ನೆ ಲೂರಿಯಾ ಅವರ ಮನಸ್ಸಿನಲ್ಲಿ ಬೇರೂರಿತು. ಕಂಪವಾತದಿಂದ ಸಮನಾದ ನೆಲದ ಮೇಲೆ ಹೆಜ್ಜೆಯಿಡಲಾರದ ರೋಗಿಯ ಮುಂದೆ ಕಾಗದದ ತುಂಡುಗಳನ್ನು ಸಾಲಾಗಿ ಹಾಸಿದಾಗ, ಅವನು ಒಂದೊಂದನ್ನೇ ದಾಟುತ್ತ ನಡೆದುಹೋದುದನ್ನು ಅವರಿಬ್ಬರೂ ಕಂಡಿದ್ದರು. ನಡೆಯಲು ಒಂದು ಹಾದಿ ಮುಚ್ಚಿದ್ದರೂ ಮಿದುಳು ಮತ್ತೊಂದು ಹಾದಿಯಿಂದ ಕಾಲುಗಳನ್ನು ನಡೆಸಬಲ್ಲುದೆಂಬುದು ಅದರಿಂದ ವ್ಯಕ್ತವಾಯಿತು.

ವಿಗೋಟ್‌ಸ್ಕಿ 1934ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ತೀರಿಕೊಂಡರು. ಅಷ್ಟು ಹೊತ್ತಿಗೆ ಲೂರಿಯಾ ಪ್ರಾಧ್ಯಾಪಕರಾಗಿ ಪ್ರಸಿದ್ಧರಾಗಿದ್ದರೂ ಮಿದುಳನ್ನರಿಯದೆ ಮನಸ್ಸನ್ನರಿಯಲಾಗದೆಂದು ನಿಶ್ಚಯಿಸಿ, ವಿದ್ಯಾರ್ಥಿಗಳ ನಡುವೆ ವಿದ್ಯಾರ್ಥಿಯಾಗಿ ಕುಳಿತು ವೈದ್ಯಶಾಸ್ತ್ರವನ್ನು ಓದಿದರು. 1937ರಲ್ಲಿ ವೈದ್ಯಪದವಿ ಪಡೆದರು. ಬಳಿಕ ರಷ್ಯಾದಲ್ಲಿ ಮಿದುಳಿನ ಶಸ್ತ್ರವೈದ್ಯಕ್ಕೆ ತಳಹದಿ ಹಾಕಿದ ನಿಕೊಲಾಯ್ ಬುರ್ದೆಂಕೊ ಅವರ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದರು. ಮಿದುಳಿನ ಯಾವ ಭಾಗ ಕೆಟ್ಟರೆ ಯಾವ ಶಕ್ತಿ ಹೇಗೆ ಕುಗ್ಗುತ್ತದೆಂಬುದನ್ನು ಹಾಸಿಗೆಯ ಪಕ್ಕದಲ್ಲಿ ಕುಳಿತು ಪರೀಕ್ಷಿಸುವ ವಿದ್ಯೆ ಅವರಿಗೆ ಅಲ್ಲಿ ಕೈವಶವಾಯಿತು.

ಯುದ್ಧಕಾಲದ ಆಸ್ಪತ್ರೆ

1941ರ ಜೂನ್ 22ರಂದು ಜರ್ಮನಿಯ ಸೇನೆ ಸೋವಿಯತ್ ದೇಶದ ಮೇಲೆ ದಂಡೆತ್ತಿ ಬಂದಿತು. ಗುಂಡಿನಿಂದಲೂ ಸಿಡಿಗುಂಡಿನ ಚೂರುಗಳಿಂದಲೂ ತಲೆಯೊಡೆದ ಯೋಧರು ಅಸಂಖ್ಯಾತರಾದರು. ಶಸ್ತ್ರವೈದ್ಯರು ಹಲವರ ಪ್ರಾಣವನ್ನುಳಿಸಿದರು. ಆದರೆ ಉಳಿದುಕೊಂಡವರಲ್ಲಿ ಮಾತು ಹೋದವರು, ಅಕ್ಷರ ಮರೆತವರು, ಚಮಚವನ್ನು ಹಿಡಿಯುವ ಬಗೆಯನ್ನೇ ಮರೆತವರು ಬಹುಮಂದಿ. ಅವರಿಗಾಗಿ ಉರಲ್ ಪರ್ವತಪ್ರಾಂತದ ಚೆಲ್ಯಾಬಿನ್ಸ್ಕ್ ಸಮೀಪದ ಕಿಸೆಗಾಚ್ ಎಂಬಲ್ಲಿ ಒಂದು ಆಸ್ಪತ್ರೆಯನ್ನು ಕಟ್ಟುವ ಹೊಣೆ ಲೂರಿಯಾ ಅವರ ಪಾಲಿಗೆ ಬಂದಿತು. ಆರೋಗ್ಯಧಾಮವೊಂದನ್ನು ಸುಮಾರು 400 ಹಾಸಿಗೆಗಳ ಆಸ್ಪತ್ರೆಯನ್ನಾಗಿ ಮಾರ್ಪಡಿಸಲಾಯಿತು. ಸುಮಾರು ಮೂವತ್ತು ಮಂದಿ ಸಹೋದ್ಯೋಗಿಗಳು ಅವರೊಡನೆ ಸೇರಿದರು.

ಈ ತಂಡದ ಸ್ವರೂಪವನ್ನು ಗಮನಿಸಬೇಕು. ನರವೈದ್ಯರಿದ್ದರು, ಬ್ಲೂಮಾ ಝೈಗಾರ್ನಿಕ್ ಅವರಂಥ ಮನಶ್ಶಾಸ್ತ್ರಜ್ಞರಿದ್ದರು, ಮಾತು ಕಲಿಸುವವರಿದ್ದರು, ಅಂಗಸಾಧನೆ ಮಾಡಿಸುವವರಿದ್ದರು, ಅಕ್ಷರ ಕಲಿಸುವ ಶಿಕ್ಷಕಿಯರಿದ್ದರು. ಒಬ್ಬೊಬ್ಬರು ತಮ್ಮ ತಮ್ಮ ಕೋಣೆಯಲ್ಲಿ ತಮ್ಮ ತಮ್ಮ ವಿದ್ಯೆಯನ್ನು ನಡೆಸಿ ಸುಮ್ಮನಾಗುತ್ತಿರಲಿಲ್ಲ. ಯೋಧನ ಯಾವ ಶಕ್ತಿ ಉಳಿದಿದೆ, ಯಾವುದು ಅಳಿದಿದೆ ಎಂಬುದನ್ನು ಕೂಡಿ ಪರಿಶೀಲಿಸಿ, ಒಂದೇ ಗುರಿಗೆ ಎಲ್ಲರೂ ದುಡಿಯುತ್ತಿದ್ದರು. ಲಿಯೊಂಟಿಯೆವ್ ಅವರು ಉರಲ್ ಪ್ರಾಂತದ ಮತ್ತೊಂದು ಆಸ್ಪತ್ರೆಯಲ್ಲಿ ಗಾಯಗೊಂಡ ಕೈಗಳಿಗೆ ಚಲನೆಯನ್ನು ಮರಳಿಸುವ ಕಾರ್ಯ ಕೈಗೊಂಡರು. ಕೈಯನ್ನು ಸುಮ್ಮನೆ ಮೇಲೆತ್ತೆಂದರೆ ಸ್ವಲ್ಪವೇ ಎತ್ತುವ ರೋಗಿ, ಎತ್ತರದಲ್ಲಿಟ್ಟ ವಸ್ತುವೊಂದನ್ನು ತೆಗೆದುಕೊಳ್ಳೆಂದರೆ ಇನ್ನೂ ಮೇಲಕ್ಕೆತ್ತುತ್ತಿದ್ದುದನ್ನು ಅವರ ಬಳಗ ಕಂಡಿತು. ಅರ್ಥವುಳ್ಳ ಕೆಲಸ ದೊರೆತರೆ ಅಂಗಕ್ಕೆ ಬಲ ಹೆಚ್ಚುತ್ತದೆಂಬುದು ಇದರ ತಾತ್ಪರ್ಯ.

ಚಿಕಿತ್ಸೆಯ ಮರ್ಮ

ಲೂರಿಯಾ ಅವರ ಪದ್ಧತಿಯನ್ನು ಬರಹದ ಉದಾಹರಣೆಯಿಂದ ಸುಲಭವಾಗಿ ತಿಳಿಯಬಹುದು. ಒಂದು ಪದವನ್ನು ಬರೆಯುವುದು ನಮಗೆ ಒಂದೇ ಕ್ರಿಯೆಯಂತೆ ತೋರುತ್ತದೆ. ವಾಸ್ತವವಾಗಿ ಅದು ಹಲವು ಕ್ರಿಯೆಗಳ ಮೇಳ. ಪದದ ಧ್ವನಿಗಳನ್ನು ಬಿಡಿಸಿ ಕೇಳಬೇಕು. ಪಕಾರವೋ ಬಕಾರವೋ, ತಕಾರವೋ ದಕಾರವೋ ಎಂದು ನಿರ್ಣಯಿಸಬೇಕು. ಅದಕ್ಕೆ ತಕ್ಕ ಅಕ್ಷರದ ರೂಪವನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಎಡಬಲ ಮೇಲುಕೆಳಗುಗಳನ್ನರಿತು ಗೆರೆಯೆಳೆಯಬೇಕು. ಒಂದಾದ ಮೇಲೊಂದರಂತೆ ಕೈಯನ್ನು ಹರಿಯಿಸಬೇಕು. ಬರೆಯಬೇಕಾದುದೇನೆಂಬುದನ್ನು ಕಡೆಯವರೆಗೆ ಮರೆಯದಿರಬೇಕು. ಇವುಗಳಲ್ಲಿ ಒಂದೊಂದನ್ನೂ ಮಿದುಳಿನ ಒಂದೊಂದು ಭಾಗ ನಿರ್ವಹಿಸುತ್ತದೆ. ಯಾವ ಭಾಗಕ್ಕೆ ಪೆಟ್ಟು ಬಿದ್ದರೂ ಬರಹ ಕೆಡುತ್ತದೆ. ಆದರೆ ಕೆಡುವ ರೀತಿ ಬೇರೆಬೇರೆ. ಎಡಕಪೋಲದ ಒಳಭಾಗಕ್ಕೆ ಗಾಯವಾದವನು ಧ್ವನಿಗಳನ್ನು ಒಂದಕ್ಕೊಂದು ಬೆರೆಸುತ್ತಾನೆ. ಹಿಂದಲೆಯ ಭಾಗ ಕೆಟ್ಟವನು ಧ್ವನಿಯನ್ನು ಸರಿಯಾಗಿ ಕೇಳಿಯೂ ಅಕ್ಷರದ ಆಕಾರವನ್ನು ಮರೆಯುತ್ತಾನೆ. ಮುಂದಲೆಯ ಭಾಗ ಕೆಟ್ಟವನು ಅಕ್ಷರವೆಲ್ಲವನ್ನೂ ಬಲ್ಲವನಾದರೂ ಮೊದಲುಮಾಡಿದ ಕೆಲಸವನ್ನು ಮರೆತು ಬೇರೇನನ್ನೋ ಗೀಚುತ್ತಾನೆ.

ಆದಕಾರಣ ಇವರೆಲ್ಲರಿಗೂ ಒಂದೇ ಪಾಠ ಹೇಳುವುದು ವ್ಯರ್ಥ. ಮೊದಲನೆಯವನನ್ನು ಕನ್ನಡಿಯ ಮುಂದೆ ಕೂರಿಸಿ, ತುಟಿ ನಾಲಗೆಗಳ ಚಲನೆಯಿಂದ ಧ್ವನಿಯನ್ನು ಗುರುತಿಸಲು ಕಲಿಸಿದರು. ಕಿವಿ ಮಾಡಲಾರದ ಕೆಲಸವನ್ನು ಕಣ್ಣು ಮಾಡಿತು. ಕಣ್ಣಿನಿಂದ ಅಕ್ಷರವನ್ನು ಗುರುತಿಸಲಾರದವನಿಗೆ ಬೆರಳಿನಿಂದ ಅದರ ಮೈಯನ್ನು ತಿದ್ದಿಸಿದರು. ಕಣ್ಣಿನ ಕೆಲಸವನ್ನು ಕೈ ಮಾಡಿತು. ವಿಷಯವನ್ನು ಅನುಕ್ರಮವಾಗಿ ಹೇಳಲಾರದವನಿಗೆ, ಹೊಳೆದುದನ್ನೆಲ್ಲ ಬಿಡಿಬಿಡಿ ಚೀಟಿಗಳಲ್ಲಿ ಬರೆದು ಆಮೇಲೆ ಜೋಡಿಸುವುದನ್ನು ಅಭ್ಯಾಸ ಮಾಡಿಸಿದರು. ಚೀಟಿಗಳ ಆಸರೆ ಮೊದಲು ಹೊರಗಿದ್ದು, ಸಾಧ್ಯವಾದವರಲ್ಲಿ ನಿಧಾನವಾಗಿ ಒಳಕ್ಕೆ ಸರಿಯಿತು.

ಲೂರಿಯಾ ಅವರು ಅಸಾಧ್ಯವನ್ನು ಹೇಳಿದವರಲ್ಲ. ಪೆಟ್ಟಿನಿಂದ ಕೆಲವು ಶಕ್ತಿಗಳು ಸ್ತಬ್ಧವಾಗಿರುತ್ತವೆ ಮಾತ್ರ. ಔಷಧ ವಿಶ್ರಾಂತಿಗಳಿಂದ ಅವು ತಾವಾಗಿಯೇ ಮರಳುತ್ತವೆ. ಬೇರೆ ಕೆಲವು ನಾಶವಾಗಿಯೇ ಹೋಗಿರುತ್ತವೆ. ಅಲ್ಲಿ ಹಳೆಯ ದಾರಿ ಮರಳಿ ತೆರೆಯುವುದಿಲ್ಲ, ಉಳಿದ ಭಾಗಗಳಿಂದ ಹೊಸ ದಾರಿಯನ್ನೇ ಕಡಿಯಬೇಕು. ಇವೆರಡನ್ನೂ ಬೇರ್ಪಡಿಸಿ ಅರಿಯುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲೆಂದು ಅವರು ಬೋಧಿಸಿದರು. ಯುದ್ಧಕಾಲದ ಈ ಅನುಭವವನ್ನು 1947 ಮತ್ತು 1948ರಲ್ಲಿ ಪ್ರಕಟವಾದ ಎರಡು ಗ್ರಂಥಗಳಲ್ಲಿ ನಿರೂಪಿಸಿದರು. ಮೊದಲನೆಯದು ಗಾಯದಿಂದುಂಟಾದ ವಾಕ್‌ಭ್ರಂಶವನ್ನು ಕುರಿತದ್ದು. ಎರಡನೆಯದು ಕೆಟ್ಟ ಶಕ್ತಿಗಳ ಪುನಶ್ಚೇತನವನ್ನು ಕುರಿತದ್ದು.

ಒಬ್ಬ ಯೋಧನ ತಪಸ್ಸು

ಲೂರಿಯಾ ಅವರ ರೋಗಿಗಳಲ್ಲಿ ಲೆವ್ ಜಾಸೆಟ್‌ಸ್ಕಿ ಎಂಬ ಯೋಧನ ಹೆಸರು ಚಿರಸ್ಥಾಯಿಯಾಗಿದೆ. ತಾಂತ್ರಿಕ ವಿದ್ಯಾರ್ಥಿಯಾಗಿದ್ದ ಈತ ಸೇನೆ ಸೇರಿ, 1943ರ ಮಾರ್ಚ್ 2ರಂದು ರಣರಂಗದಲ್ಲಿ ತಲೆಗೆ ಗುಂಡೇಟು ತಿಂದನು. ಮಿದುಳಿನ ಎಡ ಹಿಂಭಾಗ ಛಿದ್ರವಾಯಿತು. ಆಗ ಅವನ ವಯಸ್ಸು ಇಪ್ಪತ್ತಮೂರು. ನೋಟದಲ್ಲಿ ಬಲಭಾಗ ಮಾಯವಾಯಿತು, ತನ್ನ ಬಲಗೈ ಎಲ್ಲಿದೆಯೆಂದು ತಿಳಿಯದಾಯಿತು, ಓದುಬರಹ ಅಳಿಸಿಹೋದವು. ಶಿಕ್ಷಕಿಯೊಬ್ಬರು ಮಕ್ಕಳಿಗೆ ಕಲಿಸುವಂತೆ ಅವನಿಗೆ ಅಕ್ಷರಗಳನ್ನು ಕಲಿಸಿದರು. ಬೇಕಾದ ಒಂದಕ್ಷರವನ್ನು ನೆನೆಯಲು ವರ್ಣಮಾಲೆಯನ್ನು ಮೊದಲಿನಿಂದ ಹೇಳಿಕೊಂಡು ಬರಬೇಕಾಗುತ್ತಿತ್ತು.

ಒಂದು ದಿನ ಲೂರಿಯಾ ಅವರು ಹೊಸ ಉಪಾಯವನ್ನು ಹೇಳಿದರು: ಅಕ್ಷರಗಳನ್ನು ಯೋಚಿಸದೆ, ಕೈಯೆತ್ತದೆ, ಪದವನ್ನು ಒಂದೇ ಉಸಿರಿಗೆ ಬರೆಯಬೇಕು. ರಕ್ತವೆಂಬ ಅರ್ಥದ ರಷ್ಯನ್ ಪದವನ್ನು ಕೊಟ್ಟರು. ಯೋಧನು ಬರೆದುಬಿಟ್ಟನು. ತಾನು ಬರೆದುದನ್ನು ತಾನೇ ಓದಲಾರದವನಾದರೂ ಬರೆದುದು ಸರಿಯಾಗಿತ್ತು. ರೂಪದ ಜ್ಞಾನ ಹಿಂದಲೆಯಲ್ಲಿ ಅಳಿದಿದ್ದರೂ, ವರ್ಷಗಟ್ಟಲೆ ಬರೆದ ಕೈಯ ರೂಢಿ ಮಿದುಳಿನ ಗಾಯಗೊಳ್ಳದ ಭಾಗದಲ್ಲಿ ಉಳಿದಿತ್ತು. ಆ ಬಾಗಿಲನ್ನು ತೆರೆದುದೇ ಚಿಕಿತ್ಸೆಯಾಯಿತು.

ಅಂದಿನಿಂದ ಆತನು ತನ್ನ ಕಥೆಯನ್ನು ಬರೆಯತೊಡಗಿದನು. ಕೆಲವು ದಿನ ಅರ್ಧ ಪುಟ, ಕೆಲವು ದಿನ ಒಂದು ಪುಟ. ಹೀಗೆ ಇಪ್ಪತ್ತೈದು ವರ್ಷಗಳಲ್ಲಿ ಸುಮಾರು 3000 ಪುಟಗಳಾದವು. ತಾನು ಹೋರಾಟವನ್ನು ಬಿಡೆನೆಂಬ ಅರ್ಥದ ಹೆಸರನ್ನು ಅದಕ್ಕಿಟ್ಟನು. ಆತನು ಪೂರ್ಣವಾಗಿ ಗುಣಹೊಂದಲಿಲ್ಲ; ವ್ಯಾಕರಣದ ತೊಡಕಿನ ವಾಕ್ಯಗಳೂ ಸರಳವಾದ ಲೆಕ್ಕಗಳೂ ಆತನಿಗೆ ಕಡೆಯವರೆಗೂ ಕಷ್ಟವಾಗಿಯೇ ಉಳಿದವು. ಆದರೂ ಬದುಕಿಗೆ ಒಂದು ಗುರಿ ದೊರೆಯಿತು. ಈ ಬರಹವನ್ನಾಧರಿಸಿ ಲೂರಿಯಾ ಅವರು 1971ರಲ್ಲಿ ಗ್ರಂಥವೊಂದನ್ನು ಹೊರತಂದರು. ರೋಗಿಯನ್ನು ಸಂಖ್ಯೆಯನ್ನಾಗಿ ಕಾಣದೆ, ಪೂರ್ಣ ಮನುಷ್ಯನನ್ನಾಗಿ ಕಂಡು ಬರೆದ ಈ ಪುಸ್ತಕ ಹಲವು ಭಾಷೆಗಳಿಗೆ ಪರಿವರ್ತನೆಗೊಂಡಿತು. ಆಂಗ್ಲ ಲೇಖಕರೂ ನರವೈದ್ಯರೂ ಆದ ಆಲಿವರ್ ಸ್ಯಾಕ್ಸ್ ಅವರಂಥವರಿಗೆ ಇಂಥ ಬರವಣಿಗೆಯೇ ದಾರಿದೀಪವಾಯಿತು.

ಕಷ್ಟಕಾಲ ಮತ್ತು ಅಂತ್ಯ

1945ರ ಬಳಿಕ ಲೂರಿಯಾ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಆದರೆ ವಿದ್ವತ್ತಿಗೆ ರಾಜಕೀಯದ ನೆರಳು ತಾಗದೆ ಇರಲಿಲ್ಲ. 1950ರಲ್ಲಿ ನಡೆದ ಸಭೆಯೊಂದರಲ್ಲಿ ಪಾವ್ಲೋವ್ ಅವರ ಸಿದ್ಧಾಂತವೊಂದೇ ಪ್ರಮಾಣವೆಂಬ ನಿಲುವು ಮೇಲುಗೈ ಪಡೆಯಿತು. ಅದರ ಪರಿಣಾಮವಾಗಿ ಶಸ್ತ್ರವೈದ್ಯ ಸಂಸ್ಥೆಯಲ್ಲಿದ್ದ ಅವರ ಪ್ರಯೋಗಶಾಲೆ ಮುಚ್ಚಿಹೋಯಿತು. ಅವರು ಎದೆಗುಂದದೆ, ವಿಕಲಚೇತನ ಮಕ್ಕಳ ಶಿಕ್ಷಣವನ್ನು ಕುರಿತು ಸಂಶೋಧನೆ ನಡೆಸುವ ಸಂಸ್ಥೆಯನ್ನು ಸೇರಿ, ಆ ಮಕ್ಕಳ ಭಾಷೆ ಮತ್ತು ನಡವಳಿಕೆಗಳನ್ನು ಅಭ್ಯಸಿಸಿದರು. ಆ ದಶಕದ ಕಡೆಯ ಭಾಗದಲ್ಲಿ ಬುರ್ದೆಂಕೊ ಸಂಸ್ಥೆಗೆ ಮರಳಿದರು. 1931 ಮತ್ತು 1932ರಲ್ಲಿ ಉಜ್ಬೇಕಿಸ್ತಾನದ ಹಳ್ಳಿಗಳಲ್ಲಿ ಅವರು ಮಾಡಿದ್ದ ಅಧ್ಯಯನ ನಲವತ್ತು ವರ್ಷ ಕಾದು 1974ರಲ್ಲಿ ಗ್ರಂಥವಾಯಿತೆಂದ ಮೇಲೆ ಅವರ ತಾಳ್ಮೆಯನ್ನು ಬೇರೆ ವರ್ಣಿಸಬೇಕಾಗಿಲ್ಲ.

ಎಚ್ಚರವನ್ನು ಕಾಪಾಡುವ ಭಾಗ, ಹೊರಗಿನ ವಿಷಯವನ್ನು ಗ್ರಹಿಸಿ ಕೂಡಿಡುವ ಭಾಗ, ಕಾರ್ಯವನ್ನು ಯೋಜಿಸಿ ನಡೆಸುವ ಭಾಗ ಎಂದು ಮಿದುಳಿನ ಕೆಲಸವನ್ನು ಮೂರಾಗಿ ವಿಂಗಡಿಸಿ ಅವರು 1973ರಲ್ಲಿ ಬರೆದ ಗ್ರಂಥ ವಿದ್ಯಾರ್ಥಿಗಳಿಗೆ ಪಠ್ಯದಂತಾಯಿತು. 1968ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರನ್ನು ವಿದೇಶೀ ಸದಸ್ಯರನ್ನಾಗಿ ಆರಿಸಿ ಗೌರವಿಸಿತ್ತು. 1977ರ ಆಗಸ್ಟ್ 14ರಂದು, ಎಪ್ಪತ್ತೈದನೆಯ ವಯಸ್ಸಿನಲ್ಲಿ, ಅವರು ಮಾಸ್ಕೋದಲ್ಲಿ ದಿವಂಗತರಾದರು.

ನಮ್ಮ ನಾಡಿಗೆ ಬಂದ ಬೆಳಕು

ಲೂರಿಯಾ ಅವರ ವಿದ್ಯೆ ಕನ್ನಡನಾಡಿಗೂ ಬಂದಿತು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು, ಡಾ. ಎಂ. ವಿ. ಗೋವಿಂದಸ್ವಾಮಿ ಅವರು ಅದರ ಮೊದಲ ನಿರ್ದೇಶಕರು. 1958ರಲ್ಲಿ ಡಾ. ಆರ್. ಎಂ. ವರ್ಮ ಅವರ ನೇತೃತ್ವದಲ್ಲಿ ಅಲ್ಲಿ ನರಶಸ್ತ್ರವೈದ್ಯವೂ ಆರಂಭವಾಯಿತು. 1974ರಲ್ಲಿ ಆ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ಒಂದುಗೂಡಿ ನಿಮ್ಹಾನ್ಸ್ ಆಯಿತು. 1970ರ ದಶಕದಿಂದ ಅಲ್ಲಿ ಬೆಳೆದುಬಂದ ನರಮನಶ್ಶಾಸ್ತ್ರದ ಪರೀಕ್ಷಾಕ್ರಮದಲ್ಲಿ ಲೂರಿಯಾ ಅವರ ವಿಚಾರಗಳ ಪ್ರಭಾವ ಎದ್ದುಕಾಣುತ್ತದೆ. ಶಸ್ತ್ರವೈದ್ಯರು, ಮನಶ್ಶಾಸ್ತ್ರಜ್ಞರು, ವಾಕ್‌ಚಿಕಿತ್ಸಕರು, ಅಂಗಸಾಧನೆ ಮಾಡಿಸುವವರು, ಸಮಾಜಕಾರ್ಯಕರ್ತರು ಒಂದೇ ಆವರಣದಲ್ಲಿ ಒಬ್ಬ ರೋಗಿಗಾಗಿ ಕೂಡಿ ದುಡಿಯುವ ಏರ್ಪಾಡು ಅಲ್ಲಿದೆ. ಮಾತಿನ ತೊಂದರೆಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆಶ್ರಯವಾಗಿದೆ.

ಆದರೆ ಆಸ್ಪತ್ರೆಯ ದಿನಗಳು ಕೆಲವು, ಮುಂದಿನ ದಿನಗಳು ಬಹಳ. ತಲೆಗೆ ಪೆಟ್ಟಾದ ಬಾಲಕನು ಕೆಲವು ತಿಂಗಳ ಮೇಲೆ ಶಾಲೆಗೆ ಮರಳುತ್ತಾನೆ. ಹೊರಗೆ ಗಾಯ ಮಾದಿರುತ್ತದೆ. ತಲೆಗೂದಲು ಬೆಳೆದು ಕಲೆಯೂ ಮುಚ್ಚಿರುತ್ತದೆ. ಒಳಗಿನ ಕುಂದು ಯಾರಿಗೂ ಕಾಣದು. ನಿನ್ನೆ ಹೇಳಿದ ಪಾಠ ಇಂದು ನೆನಪಿರುವುದಿಲ್ಲ; ಸ್ವಲ್ಪ ಹೊತ್ತಿಗೇ ದಣಿಯುತ್ತಾನೆ; ಸಣ್ಣ ಮಾತಿಗೆ ರೇಗುತ್ತಾನೆ; ಎರಡು ಕೆಲಸವನ್ನು ಒಟ್ಟಿಗೆ ಹೇಳಿದರೆ ಒಂದನ್ನೂ ಮಾಡಲಾರನು. ಅವನನ್ನು ಸೋಮಾರಿಯೆಂದೋ ಉದ್ಧಟನೆಂದೋ ಬಗೆದು ದಂಡಿಸಿದರೆ, ಶಸ್ತ್ರವೈದ್ಯರು ಉಳಿಸಿಕೊಟ್ಟ ಜೀವವನ್ನು ತರಗತಿಯಲ್ಲಿ ಕಳೆದಂತಾಗುತ್ತದೆ. ಅದಕ್ಕೆ ಬದಲಾಗಿ ಪಾಠವನ್ನು ಚಿಕ್ಕ ತುಂಡುಗಳಾಗಿ ಮಾಡಿ, ಮಾಡಬೇಕಾದುದನ್ನು ಚೀಟಿಯಲ್ಲಿ ಬರೆದುಕೊಟ್ಟು, ನಡುನಡುವೆ ವಿಶ್ರಾಂತಿಯಿತ್ತು, ಪರೀಕ್ಷೆಗೆ ಹೆಚ್ಚು ಕಾಲ ಕೊಟ್ಟು, ಯಾವ ತಪ್ಪು ಏಕಾಗುತ್ತಿದೆಯೆಂದು ನಿದಾನಿಸಿ ನೋಡುವ ಉಪಾಧ್ಯಾಯರು ಕಿಸೆಗಾಚ್ ಆಸ್ಪತ್ರೆಯ ಆ ಶಿಕ್ಷಕಿಯ ಸಾಲಿಗೆ ಸೇರುತ್ತಾರೆ.

ಹಳೆಯ ವಿದ್ಯಾರ್ಥಿಗಳು ವಾಹನವನ್ನೇರುವಾಗ ಶಿರಸ್ತ್ರಾಣವನ್ನು ಧರಿಸುವುದು, ತಮ್ಮ ಮಕ್ಕಳಿಗೂ ಅದನ್ನು ಅಭ್ಯಾಸ ಮಾಡಿಸುವುದು ಮೊದಲ ಕರ್ತವ್ಯ. ಉದಾರಿಗಳಾದ ದಾನಿಗಳು ಒಂದು ಮಾತನ್ನು ಗಮನಿಸಬೇಕು. ಅಪಘಾತವಾದ ರಾತ್ರಿ ನೆರವಿಗೆ ಬರುವವರು ಅನೇಕರು; ಮೂರು ವರ್ಷಗಳ ಮೇಲೆಯೂ ಮಾತು ಕಲಿಯುತ್ತಿರುವ ಬಡ ಹುಡುಗನ ಬಸ್ಸಿನ ಖರ್ಚನ್ನು ನೆನೆಯುವವರು ಕೆಲವರೇ. ಈ ದೀರ್ಘಕಾಲದ ಶುಶ್ರೂಷೆಗೆ ಆಧಾರವಾಗುವ ದ್ರವ್ಯ ಸಾರ್ಥಕವಾದ ದ್ರವ್ಯ.

ಲೂರಿಯಾ ಅವರು ಜಗತ್ತಿಗೆ ಬಿಟ್ಟುಹೋದ ಗ್ರಂಥಗಳು ಹಲವು. ಅವುಗಳನ್ನೆಲ್ಲ ಓದುವ ಅವಕಾಶ ಎಲ್ಲರಿಗೂ ಒದಗದು. ಆದರೆ ಗಾಯಗೊಂಡವನಲ್ಲಿ ಏನು ಅಳಿದಿದೆಯೆಂದು ಎಣಿಸುವುದರ ಜೊತೆಗೆ ಏನು ಉಳಿದಿದೆಯೆಂದು ಹುಡುಕಿ, ಅಲ್ಲಿಂದ ಪಾಠವನ್ನು ಆರಂಭಿಸುವ ಅವರ ಕ್ರಮವನ್ನು ಪ್ರತಿಯೊಬ್ಬ ಉಪಾಧ್ಯಾಯರೂ ತಮ್ಮ ತರಗತಿಯಲ್ಲಿ ಅನುಸರಿಸಬಹುದು. ಹಾಗೆ ಅನುಸರಿಸಿದರೆ ಆ ಮಹನೀಯರ ಸ್ಮರಣೆ ಈ ನಾಡಿನಲ್ಲಿಯೂ ಸಫಲವಾದೀತು.